ಅರವತ್ತಕ್ಕೆ ಲಾಕು

ನಾನಿನ್ನೂ ಷಟರ್ ಪೂರ್ತಿ ಎತ್ತಿರಲಿಲ್ಲ,
ಜವರಯ್ಯ ಬಗ್ಗಿಕೊಂಡೇ ಒಳಗೆ ಬಂದರು.
ಎದೆಗವಚಿಕೊಂಡಿದ್ದ ರಟ್ಟಿನ ಪೆಟ್ಟಿಗೆಯನ್ನು
ಕೂಸು ಮಲಗಿಸಿದ ಹಾಗೆ ಬೆಂಚಿನ ಮೇಲೆ ಮಲಗಿಸಿದರು.
"ಇಂಟರ್‌ಕೂಲರ್ರು ಕಣೋ ಅನ್ಸರೂ. ದೊಡ್ದು.
ಕಂಪ್ನಿಯೋರು ಕೊಟ್ಟಿರೋದು ಬಿಸ್ಕತ್ತಿನಷ್ಟೈತೆ."

ಹಾಸನ ಡಿಪೋ, ಮೂವತ್ತೊಂದು ವರ್ಷ,
ಮಂಗಳೂರು ರೂಟು, ಹೆಚ್ಚಿನದೆಲ್ಲ ರಾತ್ರಿ ಪಾಳಿ.
ಕಾಲು ಎಷ್ಟೇ ಒತ್ತಲಿ, ಬಸ್ಸು ಅರವತ್ತಕ್ಕೆ ಲಾಕು.
ಅರವತ್ತಕ್ಕೇ ರಿಟೈರು.
ಬಂದ ದುಡ್ಡಲ್ಲಿ ಹೆಂಡತಿಗೆ ಎರಡೆಳೆ ಸರ,
ತನಗೊಂದು ಸೆಕೆಂಡ್‌ಹ್ಯಾಂಡ್ ಟರ್ಬೊ ಕಾರು,
ಬಣ್ಣ, ಹುರಿದ ಮೆಣಸಿನಕಾಯಿಯದು.

ಬಂಪರ್ ಬಿಚ್ಚಿದೆವು.
ಹಲ್ಲುಸೆಟ್ಟು ತೆಗೆದಿಟ್ಟ ಅಜ್ಜನ ಹಾಗೆ
ಕಾರು ಬಾಯಿ ಬಚ್ಚ ಮಾಡಿಕೊಂಡು ನಿಂತಿತು.

ವಿಷಯ ಇಷ್ಟೇ. ಟರ್ಬೊ ಗಾಳಿಯನ್ನು ಹಿಂಡಿ ಒಳಗೆ ತುರುಕುತ್ತದೆ.
ಹಿಂಡಿದ್ದು ಕಾಯುತ್ತದೆ, ಕಾದದ್ದು ತೆಳುವಾಗುತ್ತದೆ,
ಬೆಂಕಿಗೆ ಅದರಲ್ಲಿ ಹೊಟ್ಟೆ ತುಂಬುವುದಿಲ್ಲ.
ಅದಕ್ಕೇ ದಾರಿಯಲ್ಲೊಂದು ಜಗಲಿ,
ಕೂತು ಬೆವರಾರಿಸಿಕೊಂಡು ಮುಂದೆ ಹೋಗಲಿ ಅಂತ.
"ಅದೇನು ಹೇಳ್ತೀಯ ಬಿಡು,
ಮಾರನಹಳ್ಳೀಲಿ ಹತ್ತು ನಿಮಿಷ ಟೀಗೆ ಇಳಿಸ್ದೆ
ಘಾಟಿ ಹತ್ತಿಸಿದ್ರೆ ಪ್ಯಾಸೆಂಜರೂ ಹಿಂಗೇಯ."

ಹಿಡಿಸಲಿಲ್ಲ. ಎರಡು ಬೆರಳು ಅಗಲ ಹೆಚ್ಚು.
ಒಂದು ಪಟ್ಟಿ ಕೊಯ್ದೆ, ಕಿಡಿ ನನ್ನ ಚಪ್ಪಲಿ ಸುಟ್ಟಿತು.
ಹಾರ್ನಿನ ಜಾಗ ಹೋಯಿತು.
ಆಗ ಮಾತ್ರ ಮುಖ ಗಂಟಿಕ್ಕಿದರು:
"ಎಲ್ಲಿ ಬೇಕಾದ್ರೂ ಇಡು. ಬಿಟ್ಟು ಮಾತ್ರ ಬಿಡ್ಬೇಡ."

ಅಲ್ಯುಮಿನಿಯಂ ಪೈಪಿನ ಮೊಣಕೈ ಬೆಸೆಯಲು
ಕಾಟಿಹಳ್ಳಿಗೆ ಎರಡು ಸಲ ಹೋಗಿ ಬಂದೆ.
ಸಿಲಿಕೋನ್ ಹೋಸು ತೊಡಿಸಿ, ಬಾಯಿ ಮುಚ್ಚಿ, ಗಾಳಿ ತುಂಬಿ,
ಸೋಪಿನ ನೀರು ಎರಚಿದೆ.
ಮೂರನೇ ಜೋಡಣೆಯಲ್ಲಿ ಒಂದೇ ಒಂದು ಗುಳ್ಳೆ
ಉಬ್ಬಿತು, ನಮ್ಮಿಬ್ಬರನ್ನೂ ನೋಡಿತು, ಒಡೆಯಿತು.
ಕ್ಲಾಂಪು ಅರ್ಧ ಸುತ್ತು.
ಇನ್ನೊಂದು ಕಾಲು.

ಘಾಟಿ ಏರಬೇಕಾದರೆ ಹಾಸನದವರು ಮೊದಲು ಇಳಿಯಬೇಕು.
ಆಲೂರು, ಪಾಳ್ಯ, ಬಾಳ್ಳುಪೇಟೆ, ಸಕಲೇಶಪುರ,
ಅಲ್ಲಿಂದ ಶಿರಾಡಿಯ ಬುಡದ ತನಕ ಇಳಿದು
ಗುಂಡ್ಯದಲ್ಲಿ ಮೂತಿ ತಿರುಗಿಸಿದೆವು.
ಕೆಂಪುಹೊಳೆಯ ಹತ್ತಿರ ಠಪ್ ಅಂತು.
ಉಸಿರೇ ನಿಂತ ಕಾರು ತೆವಳಿ ಪಕ್ಕಕ್ಕೆ ಬಂತು.
ಅದೇ ಮೂರನೆಯದು.
ನಾನು ಅಡಿಗೆ ನುಸುಳುವಷ್ಟರಲ್ಲಿ ಅವರು
ಸೊಪ್ಪಿನ ಕೊಂಬೆ ಮುರಿದು, ಹಿಂದೆ ಹತ್ತು ಮಾರು ದೂರಕ್ಕೆ
ರಸ್ತೆಯ ಮೇಲೆ ಹಾಕಿ ಬಂದಿದ್ದರು.
ನಾನು ಕೇಳಿರಲಿಲ್ಲ. ಅವರ ಕೈಯನ್ನು ಅವರೂ ಕೇಳಿರಲಿಕ್ಕಿಲ್ಲ.

ಮತ್ತೆ ಹೊರಟಾಗ ಮುಂದೆ ಕೆಂಪು ಬಸ್ಸು, ನಮ್ಮದೇ ಡಿಪೋ.
ಎದುರು ರಸ್ತೆ ಖಾಲಿ.
"ಹೊಡೀರಿ ಸಾರ್" ಅಂದೆ.
ಬಸ್ಸಿನ ಬೆನ್ನನ್ನು ಒಂದು ತಿರುವಿನಷ್ಟು ಹೊತ್ತು ಓದಿದರು.
ಆಮೇಲೆ ಹಾರ್ನು, ಎರಡನೇ ಗೇರು,
ಬೆನ್ನು ಸೀಟಿಗೆ ಅಂಟಿತು.
ಎಪ್ಪತ್ತೆರಡು, ನಾನು ಕಣ್ಣಾರೆ ಕಂಡೆ.
ಬಸ್ಸು ಕನ್ನಡಿಯಲ್ಲಿ ಬೆಂಕಿಪೊಟ್ಟಣವಾದ ಮೇಲೆ
ಯಾರೂ ಹೇಳದೆ ಮುಳ್ಳು
ಅರವತ್ತಕ್ಕೆ ಬಂದು ಕೂತಿತು.

ದೋಣಿಗಾಲಿನಲ್ಲಿ ನಿಲ್ಲಿಸಿದರು.
ಮುಂದಿನ ಜಾಲರಿ ಇನ್ನೂ ಹಾಕಿರಲಿಲ್ಲ.
ಮಂಡಿಯೂರಿ ಬಂಪರಿನ ಬಾಯೊಳಗೆ ಎರಡೂ ಕೈ ಇಟ್ಟರು.
"ಈ ಕಡೆ ಸುಡ್ತೈತೆ. ಈ ಕಡೆ ತಣ್ಣಗೈತೆ.
ಒಂದೇ ಡಬ್ಬ ಕಣೋ ಇದು! ಬಿಸಿ ಎಲ್ಲೋಯ್ತು?"
ಹಿಂದೆ ಬಿಟ್ಟು ಬಂದ ದಾರಿಯ ಕಡೆ ಗದ್ದ ತೋರಿಸಿದೆ.

ಆ ಬಸ್ಸು ಈಗ ಹತ್ತಿ ಬಂತು, ನಮ್ಮನ್ನು ದಾಟಿತು.
ಡ್ರೈವರು ಗುರುತು ಹಿಡಿದು ಕೈ ಎತ್ತಿದ.
ಜವರಯ್ಯನವರಿಗೆ ಎತ್ತಲು
ಕೈ ಬಿಡುವಿರಲಿಲ್ಲ.