ಒಂದು ಅಂಕ ಕಡಿಮೆ

ಟೋಕಿಯೋ, ಕಾಂಡಾ. ಆರನೇ ಮಹಡಿ. ರಾತ್ರಿ ಹನ್ನೊಂದೂವರೆ.
ಆರಿಹೋದ ಬಾರ್ಲಿ ಚಹಾ.
ಮೂವರು ವಿಮರ್ಶಕರಿಗೆ ಪುಟದಲ್ಲಿ ಮೂರು ಚೌಕ,
ಚೌಕಕ್ಕೆ ಇನ್ನೂರು ಅಕ್ಷರ, ಕೊನೆಗೊಂದು ಅಂಕಿ.

ಇಪ್ಪತ್ತೇಳು ವರ್ಷದ ಮೇಲೆ ಮತ್ತೆ ಬಂದಿದೆ
‘ಬೂದಿಕೋಟೆಯ ದಂಡು’.
ಆಗ ಕಿರುಬೆರಳ ಉಗುರಿನಷ್ಟಿದ್ದ ಸೈನಿಕರಿಗೆ
ಈಗ ಮೂಗು ಮೂಡಿದೆ, ಮೂಗಿಗೆ ನೆರಳೂ.
ಕುದುರೆಯ ಬಾಯಿಂದ ಹಬೆ.
ಹಿನ್ನೆಲೆಗೆ ಅರವತ್ತು ಪಿಟೀಲು, ಎಲ್ಲವೂ ನಿಜದವು.

ಇಸುರುಗಿ ಒಂಬತ್ತು ಕೊಟ್ಟ: “ಸಾಣೆ ಹಿಡಿದ ವಜ್ರ.”
ಅವನಿಗೆ ಎಲ್ಲವೂ ವಜ್ರವೇ;
ಹೋದ ವಾರ ಮೀನು ಹಿಡಿಯುವ ಆಟವೂ ವಜ್ರವಾಗಿತ್ತು.
ಮಿನೆಗಿಶಿಯೂ ಒಂಬತ್ತೇ:
“ತಪ್ಪು ನಡೆಯನ್ನು ಹಿಂದಕ್ಕೆ ಪಡೆಯಬಹುದು,
ಹೊಸಬರು ಹೆದರಬೇಕಿಲ್ಲ.”
ಸರಿಯೇ. ಅವಳಿಗೆ ಎರಡು ಮಕ್ಕಳು,
ಆಡಲು ಸಿಗುವುದು ಮಲಗುವ ಮುಂಚಿನ ನಲವತ್ತು ನಿಮಿಷ.

ನನ್ನ ಚೌಕ ಇನ್ನೂ ಖಾಲಿ.

ವಿಷಯ ಇಷ್ಟೇ. ಮೂರನೇ ಸೇತುವೆಯ ಕಾಳಗ,
ಎದುರು ಪಾಳೆಯದಲ್ಲೊಬ್ಬಳು ಬಿಲ್ಲುಗಾರ್ತಿ.
ಹಳೆಯ ಆಟದಲ್ಲಿ, ಹೆದೆ ಎಳೆದ ಮೇಲೆ,
ಬಾಣ ಬಿಡುವ ಮೊದಲು, ಒಂದು ರೆಪ್ಪೆ ಬಡಿಯುವಷ್ಟು
ತಡೆಯುತ್ತಿದ್ದಳು.
ಆಮೇಲೆ ಬಿಡುತ್ತಿದ್ದಳು. ಗುರಿಯೇನೂ ತಪ್ಪುತ್ತಿರಲಿಲ್ಲ.

ನೀಗಾತಾ. ಕುರಮೋಚಿಯ ಅಪ್ಪನ ಲಾಂಡ್ರಿಯ ಹಿಂದಿನ ಕೋಣೆ.
ಇಸ್ತ್ರಿಯ ಬಿಸಿಗೆ ಒದ್ದೆ ಕಾಲುಚೀಲ ಒಣಗಿಸುತ್ತ
ಕುರಮೋಚಿ ಅನ್ನುತ್ತಿದ್ದ: “ನೋಡೋ, ಅವಳಿಗೆ ಮನಸ್ಸಿಲ್ಲ.”
ಹಾಗೆಂದವನಿಗೆ ಅವಳನ್ನು ಕೊಲ್ಲಲು ಮನಸ್ಸು ಬರುವುದುಂಟೆ?
ದಂಡನ್ನೆಲ್ಲ ಸುತ್ತು ಹಾಕಿಸಿ, ಎದೆಮಟ್ಟ ಹೊಳೆಗಿಳಿಸಿ,
ಹನ್ನೊಂದು ನಡೆ ಹೆಚ್ಚಿಗೆ ಸವೆಸಿ
ನಮ್ಮ ಮುದಿ ವೈದ್ಯನನ್ನು ಕಳಕೊಂಡ.
ಸತ್ತವರು ಸತ್ತರು; ಮಾಡಿದ್ದುಣ್ಣೋ ಮಹರಾಯ ಅನ್ನುವ ಆಟ ಅದು.
ಸ್ವಿಚ್ ಆರಿಸಿ ಮೊದಲಿಂದ ಶುರುಮಾಡಬಹುದಿತ್ತು.
ಮಾಡಲಿಲ್ಲ. ಪಟ್ಟಿಯಲ್ಲಿ ಒಂದು ಮನೆ ಖಾಲಿ ಬಿಟ್ಟೇ
ಕೋಟೆ ಮುಟ್ಟಿದೆವು, ಮಾರ್ಚ್ ರಜೆಯಲ್ಲಿ.

ಹೋದ ತಿಂಗಳು, ಆ ಆಟದ ಲೆಕ್ಕವನ್ನೆಲ್ಲ ಬರೆದ
ಸೊಮೆಯಾ ಅವರನ್ನು ಕಂಡೆ. ಕೇಳಿಯೇಬಿಟ್ಟೆ.
ಅವರು ನಕ್ಕು ಕನ್ನಡಕ ಒರೆಸಿಕೊಂಡರು:
“ಮರುಕವೂ ಇಲ್ಲ, ಗಿರುಕವೂ ಇಲ್ಲ.
ಗಾಳಿಯ ಲೆಕ್ಕ, ಸೇತುವೆಯ ಎತ್ತರದ ಲೆಕ್ಕ,
ಎರಡೂ ಒಟ್ಟಿಗೆ ಮೈಮೇಲೆ ಬಿದ್ದು
ಆ ಬಡ ಯಂತ್ರ ಏದುಸಿರು ಬಿಡುತ್ತಿತ್ತು.
ಇಷ್ಟು ವರ್ಷ ನಾಚಿಕೆಯಾಗುತ್ತಿತ್ತು ನನಗೆ.
ಈ ಸಲ ಮೊದಲ ದಿನವೇ ಸರಿಮಾಡಿದೆ.”

ಈಗ ಎಳೆದಳೆಂದರೆ ಬಿಟ್ಟಳೆಂದೇ.

ನಿನ್ನೆ ರಾತ್ರಿ, ಪರೀಕ್ಷೆಗೆಂದು, ಅವಳನ್ನು ಕೊಂದೆ.
ಹಿಂದಕ್ಕೆ ಒತ್ತಿದೆ, ಎದ್ದಳು. ಮತ್ತೆ ಕೊಂದೆ.
ನಾಲ್ಕು ಸಲ.
ನಾಲ್ಕು ಸಲವೂ ಮೂಗಿನ ನೆರಳು
ಬೀಳಬೇಕಾದ ಕಡೆಗೇ ಬಿತ್ತು.

ದೋಷ ತಿದ್ದಿದ್ದೇ ದೋಷ ಎಂದು ಬರೆದರೆ
ಸಂಪಾದಕಿ ಹುಬ್ಬೇರಿಸುತ್ತಾಳೆ. ಹಿಂದೊಮ್ಮೆ ಹೇಳಿದ್ದಳು:
“ಓದುಗರು ಕೇಳುವುದು ಆಟದ ಬೆಲೆ,
ನಿನ್ನ ಹದಿಮೂರನೇ ವಯಸ್ಸಿನದಲ್ಲ.”
ಅವಳದೂ ತಪ್ಪಲ್ಲ. ಕುರಮೋಚಿಯ ಕ್ಯಾಸೆಟ್
ನನ್ನಲ್ಲೇ ಉಳಿದಿದೆ, ಕೊಡಬೇಕೆಂದುಕೊಂಡದ್ದು.
ಒಳಗಿನ ಬ್ಯಾಟರಿ ಎಂದೋ ಸತ್ತು
ಖಾಲಿ ಮನೆಯೂ ಅಳಿಸಿಹೋಗಿದೆ.

ಬರೆದೆ: ಚಿತ್ರ ಚೆನ್ನ. ಸಂಗೀತ ಚೆನ್ನ. ಅಡ್ಡಿಯೆಂಬುದೇ ಇಲ್ಲ.
ಎಂಟು.
ಇನ್ನೂರರಲ್ಲಿ ನೂರೆಪ್ಪತ್ತು ಅಕ್ಷರ ಮಿಕ್ಕವು.
ಮಿಕ್ಕದ್ದನ್ನು ಮಿಕ್ಕ ಹಾಗೇ ಕಳಿಸಿದೆ.

ಲಿಫ್ಟಿನ ಬಳಿ ಇಸುರುಗಿ, ಕೋಟಿಗೆ ತೋಳು ತೂರಿಸುತ್ತ.
“ಆ ಸೇತುವೆಯವಳು,” ಅಂದ, ನನ್ನ ಮುಖ ನೋಡದೆ,
“ಚಿಕ್ಕವನಿದ್ದಾಗ ನಾನೂ ಸುತ್ತು ಹಾಕಿಯೇ ಹೋಗುತ್ತಿದ್ದೆ.”

ಮತ್ತೆ ಒಂಬತ್ತು ಯಾಕಯ್ಯಾ?

ಸ್ವಲ್ಪ ಹೊತ್ತು ಯೋಚಿಸಿದ.
“ಕುದುರೆಯ ಹಬೆ,” ಅಂದ, “ಅದು ಚೆನ್ನಾಗಿದೆಯಲ್ಲ?”