ಕೆಳಗಿನ ಮೂಲಿ

ಹವಾಲ್ದಾರ ಸಾತಪ್ಪ ನನ್ನ ಅಂಗಡಿಗೆ ಬಂದಾಗ
ಪಂಪ್‌ಸೆಟ್ಟಿನ ಬೋರ್ಡೊಂದು ಇನ್ನೂ ಹಸಿ ಇತ್ತು.
ಎರಡು ಫೂಟು ಅಗಲ, ಮೂರು ಉದ್ದ,
ತಗಡು ಬ್ಯಾಡ, ಪ್ಲೈವುಡ್ ಸಾಕು,
ಹೊರಾಂವ ನಾನ ಅದೀನಿ, ಅಂದ.
ಅಕ್ಷರ ಏನು, ಅಂದೆ.
ಅಂಗೈಮ್ಯಾಲ ಬಾಲ್‌ಪೆನ್ನಿಲೆ ಬರಕೊಂಡು ಬಂದಿದ್ದ,
ಬೆವರಿಗೆ ಅರ್ಧ ಅಳಿಸಿತ್ತು:
ನಾನು ಹೋಗಿ ಬಂದೀನಿ. ಯುದ್ಧ ನಿಲ್ಲಿಸ್ರಿ.

ಇಪ್ಪತ್ತೆರಡು ವರ್ಷ ಗೋಕಾಕದಾಗ ಬರದೀನಿ.
ಕರದಂಟಿನ ಅಂಗಡಿ, ಹಲ್ಲಿನ ದವಾಖಾನಿ,
ಎಲ್ಲಾ ಪಾರ್ಟಿಯ ಎಲ್ಲಾ ಗುರ್ತು,
ಇಲ್ಲಿ ಗಾಡಿ ನಿಲ್ಲಿಸಬಾರದು.
ಒಂದೊಂದರ ಕೆಳಗೂ, ಬಲಕ್ಕ,
ಹೆಬ್ಬಟ್ಟಿನಷ್ಟು ಜಾಗದಾಗ:
ದಸ್ತಗೀರ ಆರ್ಟ್ಸ್, ಫೋನ್ ನಂಬರು.
ಇದರ ಕೆಳಗ ಬರೀಲಿಲ್ಲ.
ಯಾರೂ ಬ್ಯಾಡ ಅಂದಿರಲಿಲ್ಲ.

ಮರುದಿನ ಬಸ್ ಸ್ಟ್ಯಾಂಡಿನ ಎದುರು, ಬೇವಿನ ಗಿಡದ ಬುಡಕ್ಕ,
ಎದಿಮ್ಯಾಲ ಮೂರು ಮೆಡಲು, ಇಸ್ತ್ರಿ ಮುರೀದ ಪ್ಯಾಂಟು,
ನಿಂತ. ಕೂಗಲಿಲ್ಲ. ಡ್ಯೂಟಿಮ್ಯಾಲ ನಿಂತಂಗ ನಿಂತ.
ಊರು ಮೊದಲು ಮೆಡಲು ನೋಡ್ತು, ಸಲ್ಯೂಟ್ ಹೊಡೀತು.
ಬೋರ್ಡು ಓದಿದ ಮ್ಯಾಲ ಶುರುವಾತು.

ಚಹಾದಂಗಡ್ಯಾಗ ಎರಡು ಬೆಂಚು, ನಡುವ ಭಜಿಯ ಬಾಂಡಲಿ.
ಪೆನ್ಶನ್ ತಿನ್ನೂ ಬಾಯಿಲೆ ಇಂಥಾ ಮಾತು?
ಪೆನ್ಶನ್ ಅಂವನ ಕಾಲಿನ ಎರಡು ಬೆರಳಿಗೆ ಬರ್ತೈತಿ, ಬಾಯಿಗಲ್ಲ.
ನಮ್ಮ ಹುಡುಗೂರು ಅಲ್ಲಿ ಹಿಮದಾಗ ನಿಂತಾರ, ಇದು ಬೆನ್ನಿಗೆ ಚೂರಿ.
ಹಿಮದಾಗ ನಿಂತು ಬಂದಾಂವನ ಹೇಳಾಕತ್ತಾನಲೇ,
ನೀ ಎಲ್ಲಿ ನಿಂತಿದ್ದಿ, ಫ್ರಿಜ್ಜಿನಾಗೇನು?
ಗ್ಲಾಸು ಒಡೀತು.
ಮಾಲಕ ಎರಡೂ ಬೆಂಚಿನ ಲೆಕ್ಕಕ್ಕ ಹಚ್ಚಿದ.

ಮಾಜಿ ಸೈನಿಕರ ಸಂಘದಾಗ ಠರಾವು ಆತು.
ಅಂವನ ಜೋಡಿ ಒಂದ ಟ್ರಕ್ಕಿನಾಗ ಕುಂತ ಭರಮಗೌಡ
ಸಹಿ ಮಾಡಿದ. ಮಾಡಿ, ರಾತ್ರಿ
ಕ್ಯಾಂಟೀನಿನ ಬಾಟ್ಲಿ ಹಿಡಕೊಂಡು ಅಂವನ ಮನಿಗೇ ಹೋದ.
ಏನು ಮಾತಾಡಿದರೋ.
ಬಾಟ್ಲಿ ಬಿಚ್ಚಲೇ ಇಲ್ಲಂತ, ಓಣಿ ಹೇಳ್ತೈತಿ.

ಬಾಳಿಹಣ್ಣಿನ ಗಾಡಿಯ ಶೇವಂತಾ, ಆಕಿ ಮಗ ಹೋಗಿ ತಿಂಗಳಾತು:
ನೀ ನಿಲ್ಲಿಸ್ರಿ ಅಂದರ
ನನ್ನ ಮಗ ಮಾಡೂದು ಸುಳ್ಳಾತೇನು?
ಸುಳ್ಳಲ್ಲ ತಂಗಿ. ನಾ ಮಾಡಿದ್ದೂ ಸುಳ್ಳಲ್ಲ.
ಅದಕ್ಕ ನಿಂತೀನಿ.
ಆಕಿ ಒಪ್ಪಲಿಲ್ಲ. ಮನಸಾರೆ ಬೈದಳು.
ಬಿಸಲು ನೆತ್ತಿಗೆ ಬಂದಾಗ ಗಾಡಿಯ ಛತ್ರಿ
ಒಂದು ಗೇಣು ಅಂವನ ಕಡೆ ಸರಿಸಿದಳು,
ಅದನ್ನೂ ಬೈಕೋತ.

ನಾಕನೇ ದಿನ ಆರು ಹುಡುಗೂರು ಅಂಗಡಿಗೆ ಬಂದರು.
ಫ್ಲೆಕ್ಸಿನ ಮಷೀನು ಕೆಟ್ಟೈತಿ, ಸಂಜೀಕ ಬೇಕು.
ಹೇಡಿಗೆ ಈ ಊರಾಗ ಜಾಗ ಇಲ್ಲ.
ಅದ ಕೆಂಪು ಡಬ್ಬಿ, ಅದ ಬ್ರಶ್ಶು.
ಒಬ್ಬಾಂವ ಗ್ವಾಡಿಮ್ಯಾಲಿನ ನನ್ನ ಹೆಸರು ಓದಿ ನಕ್ಕ:
ಚಲೋ ಆತು, ನಿನ್ನ ಕೈಲೇ ಆಗಲಿ.
ಹೆಸರು ಹಾಕು ಕೆಳಗ. ದೊಡ್ಡದು.
ಹಾಕಿದೆ.
ದೊಡ್ಡದು.

ರೊಟ್ಟಿ ಬಡಿಯೂದು ಬಿಟ್ಟು ಮೆಹರೂನ ಕೇಳಿದಳು,
ಊರಿಗೆ ಕಣ್ಣಿಲ್ಲ ಅಂತ ತಿಳದೀಯೇನು?
ನಿನ್ನ ಲಕಾರದ ಒತ್ತಿಗೆ ಒಂದು ಬಾಲ ಐತಿ,
ಇಡೀ ಗೋಕಾಕಕ್ಕ ಗೊತ್ತೈತಿ.
ನಿಲ್ಲಿಸ್ರಿ ಒಳಗಿಂದೂ, ಜಾಗ ಇಲ್ಲ ಒಳಗಿಂದೂ
ಎರಡೂ ಒಂದ ಹೊಟ್ಟ್ಯಾಗ ಹುಟ್ಟ್ಯಾವು.
ನಾ ಉಪ್ಪಿನಕಾಯಿ ಕೇಳಿದೆ.

ಮುಂಜಾನೆ ಹೋದೆ.
ರಾತ್ರಿ ಯಾರೋ ಡಾಂಬರು ಉಗ್ಗಿದ್ದರು, ಕಡೀ ಅಕ್ಷರಗೋಳಿಗೆ.
ನಾನು ಹೋಗಿ ಬಂದೀನಿ. ಯುದ್ಧ
ಅಷ್ಟ ಉಳದಿತ್ತು, ಅಷ್ಟನ್ನ ಹೊತ್ತು ನಿಂತಿದ್ದ.
ಡಬ್ಬಿ ತಂದೀಯೇನು, ಅಂದ. ತಂದಿದ್ದೆ.
ಹೆಸರು... ಅಂದೆ.
ಅದು ಬ್ಯಾಡೋ ಮಾರಾಯಾ, ನಿನಗ ಅಂಗಡಿ ಐತಿ.
ಮೊದಲು ಮಾತು ಪೂರಾ ಮಾಡು,
ಅರ್ಧಕ್ಕ ಬಿಟ್ಟರ ನಾ ಯುದ್ಧ ಬೇಡಿದಂಗ ಕಾಣ್ತೈತಿ.

ಬೋರ್ಡು ಇಳಿಸು, ಅಂದೆ. ಇಳಿಸಲಿಲ್ಲ.
ಸವದತ್ತಿ ಬಸ್ಸು ಬಂದು ನಿಂತು,
ಕಿಟಕಿಗೊಂದು ಮಾರಿ.
ಚಹಾದ ಎರಡೂ ಬೆಂಚು ಎದ್ದು ನಿಂತವು.
ಶೇವಂತಾ ತಕ್ಕಡಿ ಕೆಳಗಿಟ್ಟಳು.
ಡಾಂಬರಿನ ಮ್ಯಾಲ ಕೆಂಪು ಹಿಡೀಲಿಲ್ಲ, ಬಿಳೀದು ತಗೊಂಡೆ,
ನಿ ಅಂತ ಬರದೆ.
ಅಂವ ಉಸಿರು ಹಿಡದಿದ್ದ, ಹಲಗಿ ಅಲುಗಬಾರದಂತ.
ಮುಂದಿಂದು ಲ್ಲಿ.
ಬಾಲ ಎಳಿಯೂದಿತ್ತು.