ಮೂರು

ರಾಗ್ನಿಲ್ಡ್ ತನ್ನ ತಾಯಿಯನ್ನು ಕರೆಯುತ್ತಿದ್ದುದು ‘ಮೂರ್’ ಎಂದು.
ನಾರ್ವೆಯ ಮಾತಿನಲ್ಲಿ ಅಮ್ಮ ಎಂದರೆ ಹಾಗಂತೆ.
ನಮಗದು ಲೆಕ್ಕ.
ಒಂದು, ಎರಡು ಎಲ್ಲಿ ಹೋದವೆಂದು
ಮುಸುಕಿನೊಳಗೆ ನಕ್ಕೂ ನಕ್ಕೂ
ತಾಯಕ್ಕನ ಸೌಟಿನ ಏಟು ತಿಂದಿದ್ದೇವೆ.

ಇಪ್ಪತ್ಮೂರು ತಲೆ.
ಶನಿವಾರ ಜಗಲಿಯಲ್ಲಿ ಸಾಲಾಗಿ ಕೂತರೆ
ಸೀಮೆಎಣ್ಣೆ, ಬೇವಿನೆಣ್ಣೆ, ಸಣ್ಣಹಲ್ಲಿನ ಬಾಚಣಿಗೆ,
ಅಮ್ಮನ ಉಗುರಿನ ಮೇಲೆ ಚಟ್ ಚಟ್ ಹೇನು.
ಇಪ್ಪತ್ನಾಲ್ಕನೆಯ ತಲೆ ಹೊಟ್ಟೆಯ ಮಗಳದು.
ಸರದಿ ತಪ್ಪಿಸಿ ಮುಂದೆ ಬಂದರೆ
ಎಬ್ಬಿಸಿ ಹಿಂದಕ್ಕೆ ಕಳಿಸುತ್ತಿದ್ದಳು.
ಎಂಥ ನ್ಯಾಯ ಅನ್ನಿಸಿತ್ತು ಆಗ.
ಈಗ ನನಗೂ ಒಬ್ಬಳು ಮಗಳಿದ್ದಾಳೆ.
ಹಾಗೆ ಅನ್ನಿಸುವುದಿಲ್ಲ.

ಕೆಂಚಿ ಎಂಬ ಹೆಸರು ಬರುವಾಗಲೇ ತಂದಿದ್ದೆ,
ಬೇರೇನೂ ತಂದಿರಲಿಲ್ಲ.
ರಿಜಿಸ್ಟರಿನಲ್ಲಿ ಅದನ್ನೇ ಬರೆದುಕೊಂಡರು.
ಹುಟ್ಟಿದ ದಿನ? ಯಾರಿಗೂ ಗೊತ್ತಿಲ್ಲ.
‘ಮಳೆಗಾಲ ಬೇಕೋ, ಬೇಸಿಗೆಯೋ?’ ಕೇಳಿದಳು ಅಮ್ಮ.
ಮಾವು ಸಿಗುವಾಗ, ಎಂದೆ.
ಮೇ ಒಂಬತ್ತು.
ಆಧಾರ್ ಕಾರ್ಡಿನಲ್ಲಿ ಇವತ್ತಿಗೂ ಆ ಮಾವಿನ ದಿನವೇ ಇದೆ.

ಎಳ್ಳೆಣ್ಣೆ ಗಾಣದಂಥ ಕಪ್ಪು ನಾನು, ಕೆಂಚಿ.
ಒಲೆಯ ಕೆಂಡದ ಕೂದಲಿನವಳು ಅವಳು.
ತಾಯಕ್ಕನ ನಾಲಿಗೆಗೆ ಆ ಹೆಸರು ಹೊರಳದೆ
ಅವಳೂ ಕೆಂಚಿಯೇ ಆದಳು.
‘ಏ ಕೆಂಚೀ’ ಎಂದರೆ ಎರಡು ಬಾಗಿಲಿಂದ ಇಬ್ಬರು ಓಡುತ್ತಿದ್ದೆವು
ಒಂದೇ ಚೂರು ಬೆಲ್ಲಕ್ಕೆ.

ಅಪ್ಪನಿಗೆ ‘ಳ’ ಬರುತ್ತಿರಲಿಲ್ಲ.
‘ಮಕ್ಕಲೇ’ ಎಂದಾಗೆಲ್ಲ ಒಂದು ಹುಣಸೆಬೀಜ ದಂಡ.
ಪ್ರಾರ್ಥನೆಯ ನಡುವೆಯೂ ವಸೂಲಿ ಮಾಡಿದ್ದೇವೆ,
ಕಣ್ಣು ಮುಚ್ಚಿಕೊಂಡೇ ಕೈ ಚಾಚಿ.
ಅವರ ಊರಿನಿಂದ ಉಣ್ಣೆಯಂಗಿಗಳ ಪೆಟ್ಟಿಗೆ ಬರುತ್ತಿತ್ತು,
ಭದ್ರಾವತಿಯ ಏಪ್ರಿಲ್‌ಗೆ!
ಎಳೆ ಬಿಚ್ಚಿ ಗೋಲಿಯ ಚೀಲ ಹೆಣೆದೆವು.

ರಾತ್ರಿ ಕಾರ್ಖಾನೆಯ ಸೈರನ್ ಕೂಗಿದ ಮೇಲೆ
ಲಾಟೀನು ಹಿಡಿದು, ಚಾಪೆ ಚಾಪೆಗೂ ಬಗ್ಗಿ
ಅಮ್ಮ ಎಣಿಸುತ್ತಿದ್ದಳು, ಕನ್ನಡದಲ್ಲಿ.
ಇಪ್ಪತ್ನಾಲ್ಕಕ್ಕೆ ನಿಂತು ಒಂದು ಉಸಿರು ಬಿಡುತ್ತಿದ್ದಳು.
ಆ ಉಸಿರು ಕೇಳದೆ ನನಗೆ ನಿದ್ದೆಯಿಲ್ಲ.

ಪರವಾನಗಿ ಮುಂದುವರಿಯಲಿಲ್ಲ.
ಕಾಗದ ಬಂತು. ಗೋಣಿ ಹೊಲಿದರು. ರೈಲು ಬಂತು.
ಪ್ಲಾಟ್‌ಫಾರ್ಮಿನಲ್ಲಿ ನಾವ್ಯಾರೂ ಅಳಲಿಲ್ಲ,
ನಮಗೆ ಅಭ್ಯಾಸವಿತ್ತು.
ಅತ್ತವಳು ಇದೇ ಊರಿನಲ್ಲಿ ಹುಟ್ಟಿದ ಆ ಕೆಂಚಿ.
ಕಂಬ ತಬ್ಬಿ
‘ನಾ ಬರಲ್ಲ, ಅಲ್ಲಿ ನಂಗ್ಯಾರೂ ಇಲ್ಲ’ ಅಂತ
ನಮ್ಮದೇ ಮಾತಿನಲ್ಲಿ ಕಿರುಚಿದಳು.
ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದವಳು ನಾನು,
ಅಮ್ಮ ಹೇಳಿದ್ದಕ್ಕೆ.

ಆಮೇಲೆ ಹನ್ನೊಂದು ವರ್ಷ ಸಿಟ್ಟು.
ಕಾಗದ ಬಂದರೆ ಅಂಚೆಚೀಟಿ ಕಿತ್ತಿಟ್ಟುಕೊಂಡು
ಉಳಿದದ್ದು ಒಲೆಗೆ.

ಕಳೆದ ತಿಂಗಳು, ಶಿವಮೊಗ್ಗದ ಆಸ್ಪತ್ರೆ, ನನ್ನ ರಾತ್ರಿ ಪಾಳಿ.
ಫೋನು. ‘ಕೆಂಚೀ, ನಾನು ಕೆಂಚಿ.’
ಅಮ್ಮನಿಗೆ ತೊಂಬತ್ತೊಂದು. ತನ್ನ ಮಾತೇ ಮರೆತಿದೆ.
ಅಲ್ಲಿನ ನರ್ಸುಗಳಿಗೆ ತಿಳಿಯದ ಕನ್ನಡದಲ್ಲಿ
ಇರುಳಿಡೀ ಎಣಿಸುತ್ತಾಳೆ,
ಇಪ್ಪತ್ಮೂರಕ್ಕೆ ಬಂದು ತಡವರಿಸಿ
ಮತ್ತೆ ಒಂದರಿಂದ.
‘ಸೈರನ್ ಆಯ್ತಾ ಅಂತ ಕೇಳ್ತಾಳೆ ಕಣೇ. ಏನು ಹೇಳ್ಲಿ?’

ಕಿವಿಗೆ ಹಿಡಿ, ಎಂದೆ.
‘ಅಮ್ಮಾ.’
ಸದ್ದಿಲ್ಲ.
‘ಮೂರ್.’
‘ನಾಲ್ಕು’ ಎಂದಳು ತಟ್ಟನೆ.

ಐದು ಎಂದೆ. ಆರು ಎಂದಳು.
ಹೀಗೇ ಚಾಪೆಯಿಂದ ಚಾಪೆಗೆ
ಇಪ್ಪತ್ಮೂರರವರೆಗೆ ಬಂದು ನಿಂತೆವು.
ಅವಳ ಮಗ್ಗುಲಿನಿಂದ ಯಾರೋ ಮೆಲ್ಲಗೆ
‘ಇಪ್ಪತ್ನಾಲ್ಕು, ಇಲ್ಲೇ ಇದ್ದೀನಿ’ ಎಂದರು.

ನಮ್ಮ ಸೈರನ್ ಕೂಗದೆ ಎಷ್ಟೋ ವರ್ಷವಾಯಿತು.
ಔಷಧಿಯ ಬೀರುವಿನತ್ತ ತಿರುಗಿ, ಬಾಯಿಗೆ ಕೈ ಅಡ್ಡ ಹಿಡಿದು
ನಾನೇ ಕೂಗಿದೆ, ಉದ್ದಕ್ಕೆ,
ಉಸಿರಿರುವಷ್ಟೂ.

ಏಳನೇ ಮಂಚದ ಮುದುಕ ಎದ್ದು ಕೂತು
ಕಾಲಿನಲ್ಲೇ ಚಪ್ಪಲಿ ಹುಡುಕುತ್ತ ಕೇಳಿದ:
‘ಸೆಕೆಂಡ್ ಶಿಫ್ಟ್ ಬಿಟ್ತೇನವ್ವಾ?’